ಗಾಡಿ ತಗ್ಗಿಸಿದ ಮಗ, ಸೊಂಟ ಹಿಡಿದುಕೊಂಡ ಅತ್ತೆ



ಹಪ್ಪಳ, ಉಪ್ಪಿನಕಾಯಿಯ ಮಾತು ಈ ಸಲ ಸ್ವಲ್ಪ ಬದಿಗಿರಲಿ. ಹುಮನಾಬಾದಿನ ಓದುಗ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಮನೆಯ ಕಾರನ್ನು ನೆಲಕ್ಕೆ ಹತ್ತುವ ಹಾಗೆ ತಗ್ಗು ಮಾಡಿಸಿದ್ದಾನಂತೆ. ಗೆಳೆಯರೆಲ್ಲ ಭಲೇ ಎಂದರು. ಆದರೆ ಅಂದಿನಿಂದ ಗಾಡಿ ಒಂದೇ ಸಮನೆ ಕುಪ್ಪಳಿಸುತ್ತಿದೆ. "ನಾ ಇನ್ನ ಈ ಗಾಡ್ಯಾಗ ಕೂಡಂಗಿಲ್ಲ" ಎಂದು ಸೊಂಟನೋವಿನ ಅತ್ತೆ ಹಟ ಹಿಡಿದಿದ್ದಾರೆ. ಏಳು ತಿಂಗಳ ಬಸುರಿ ಸೊಸೆಯನ್ನು ತಪಾಸಣೆಗೆ ಕಲಬುರಗಿಗೆ ಕರೆದೊಯ್ಯಬೇಕು. "ಇದಕ್ಕೇನಾದರೂ ಉಪಾಯ ಉಂಟೋ, ಗಾಡಿ ಮಾರಿಬಿಡಬೇಕೋ?" ಎಂದು ಕೇಳಿದ್ದಾರೆ.

ಮಾರುವುದು ಬೇಡ. ಉಪಾಯ ಇದೆ. ಆದರೆ ಸೀಟಿನ ಮೇಲೆ ದಿಂಬು ಹಾಕುವುದು ಉಪಾಯವಲ್ಲ. ಇಲ್ಲಿ ಬಸವಕಲ್ಯಾಣದಲ್ಲಿ ನನ್ನ ತಮ್ಮ ಗ್ಯಾರೇಜ್ ನಡೆಸುತ್ತಾನೆ. ಅವನ ಬಾಯಿಂದ ಕೇಳಿ ತಿಳಿದದ್ದನ್ನು ನಮ್ಮ ಮನೆಮಾತಿನಲ್ಲಿ ಹೇಳುತ್ತೇನೆ, ಕೇಳಿ.

ಸ್ಪ್ರಿಂಗ್ ಹಾಕಿದ ತೊಟ್ಟಿಲು ನೀವೆಲ್ಲ ತೂಗಿದ್ದೀರಿ. ಒಂದು ಸಲ ಕೆಳಗೆ ಜಗ್ಗಿ ಬಿಟ್ಟರೆ ಅದು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕೂಸು ಬೆಚ್ಚಿದರೆ ಏನು ಮಾಡುತ್ತೇವೆ? ಕೈ ಹಿಡಿದು ನಿಲ್ಲಿಸುತ್ತೇವೆ. ಕಾರಿನಲ್ಲೂ ಅಷ್ಟೇ. ಗುಂಡಿಯ ಏಟನ್ನು ಸ್ಪ್ರಿಂಗ್ ತಿನ್ನುತ್ತದೆ, ಆಮೇಲೆ ಕುಣಿಯುವ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಕೈ ಎಂದರೆ ಶಾಕ್ ಅಬ್ಸಾರ್ಬರ್. ಅದರ ಕೊಳವೆಯೊಳಗೆ ಎಣ್ಣೆ ಇರುತ್ತದೆ. ಸಣ್ಣ ತೂತುಗಳಲ್ಲಿ ಆ ಎಣ್ಣೆ ಕಷ್ಟಪಟ್ಟು ಹಾಯುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಕರಗಿಹೋಗುತ್ತದೆ. ಇಂಥ ಸ್ಪ್ರಿಂಗಿಗೆ ಇಂಥದೇ ಶಾಕ್ ಅಬ್ಸಾರ್ಬರ್ ಎಂದು ಕಂಪನಿಯವರು ಜೋಡಿ ಕೂಡಿಸಿರುತ್ತಾರೆ.

ಗಾಡಿ ತಗ್ಗಿಸುವಾಗ ಕೆಟ್ಟುಹೋಗುವುದು ಈ ಜೋಡಿಯೇ. ಅಗ್ಗದ ದಾರಿ ಎಂದು ಕೆಲವರು ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿಬಿಡುತ್ತಾರೆ. ಸ್ಪ್ರಿಂಗ್ ಗಿಡ್ಡಾದಷ್ಟೂ ಬಿರುಸಾಗುತ್ತದೆ. ಆರು ಸುತ್ತು ಕೆಲಸ ಮಾಡುತ್ತಿದ್ದ ಸ್ಪ್ರಿಂಗಿನಲ್ಲಿ ಒಂದು ಕಡಿದರೆ ಅದು ಐದನೇ ಒಂದು ಪಾಲು ಹೆಚ್ಚು ಗಟ್ಟಿಯಾಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರಿಗೆ ಆ ಜೋರು ತಡೆಯುವ ಕಸುವಿಲ್ಲ. ಅದರ ಮೇಲೆ, ಗಾಡಿ 40 ಮಿಲಿಮೀಟರ್ ಇಳಿದರೆ ಗಾಲಿ ಮೇಲೇಳಲು ಇದ್ದ ಜಾಗವೂ ಅಷ್ಟೇ ಕಡಿಮೆಯಾಯಿತು. ಕೊನೆಗೆ ಏಟು ತಾಗದಿರಲೆಂದು ಇಟ್ಟ ರಬ್ಬರ್ ಬುಡ್ಡಿಗೆ ಗಾಡಿ ಸಾರಿ ಸಾರಿಗೂ ಕುಟ್ಟಿಕೊಳ್ಳುತ್ತದೆ, ರಬ್ಬರು ಚೆಂಡಿನಂತೆ ತಿರುಗಿ ಎತ್ತಿಹಾಕುತ್ತದೆ. ಅತ್ತೆಯವರ ಸೊಂಟಕ್ಕೆ ಬೀಳುವ ಪೆಟ್ಟು ಇದೇ.

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾ ಮುಟ್ಟಿ, 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹುಮನಾಬಾದಿಗೆ ಹೋಗುವಾಗ ಇದು ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ಊರೊಳಗೆ ಬಂದಾಗಲೇ ಫಜೀತಿ. ರಸ್ತೆ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಅಳತೆ ಹೇಳಿದ್ದಾರೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮ ಗಲ್ಲಿಗಳ ಉಬ್ಬುಗಳಿಗೆ ಆ ಅಳತೆ ಯಾರು ಕೇಳಬೇಕು? ಮಾಣಿಕನಗರದ ದತ್ತ ಜಯಂತಿಗೆ ಮನೆಮಂದಿಯೆಲ್ಲ ಬುತ್ತಿಗಂಟು ಸಮೇತ ತುಂಬಿಕೊಂಡು ಹೊರಟರಂತೂ ತಗ್ಗಿಸಿದ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜುವುದೇ ಸೈ.

ಈಗ ಪರೀಕ್ಷೆ ಮಾಡುವ ಬಗೆ. ಇದನ್ನು ನೀವೇ ಅಂಗಳದಲ್ಲಿ ನೋಡಬಹುದು.

ಒಂದು: ಟೈರಿನ ಗಾಳಿ. ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಒಳಬದಿಯ ಚೀಟಿಯಲ್ಲಿ ಗಾಳಿಯ ಲೆಕ್ಕ ಬರೆದಿರುತ್ತದೆ. ಟೈರ್ ತಣ್ಣಗಿರುವಾಗ ಅಷ್ಟೇ ಇರಬೇಕು. ಹೆಚ್ಚಾದರೂ ಗಾಡಿ ಪುಟಿಯುತ್ತದೆ. ಖರ್ಚಿಲ್ಲದ ಮದ್ದು ಇದೊಂದೇ, ಮೊದಲು ಇದನ್ನೇ ನೋಡಿ.

ಎರಡು: ಗಾಡಿಯ ಒಂದೊಂದು ಮೂಲೆಯನ್ನೂ ಎರಡು ಕೈಯಿಂದ ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ಸುಮ್ಮನಾದರೆ ಸರಿ. ಎರಡು ಮೂರು ಸಲ ತೂಗಿದರೆ ಆ ಮೂಲೆಯ ಶಾಕ್ ಅಬ್ಸಾರ್ಬರ್ ಸೋತಿದೆ ಎಂದೇ ತಿಳಿಯಿರಿ.

ಮೂರು: ಗಾಲಿಯ ಹಿಂದೆ ಬಗ್ಗಿ ನೋಡಿ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಸುರಿದು ಧೂಳು ಮೆತ್ತಿದ್ದರೆ ಅದು ಸೋರುತ್ತಿದೆ. ಬದಲಿಸಲೇಬೇಕು. ಮುಂದಿನದಾದರೆ ಮುಂದಿನ ಎರಡೂ, ಹಿಂದಿನದಾದರೆ ಹಿಂದಿನ ಎರಡೂ.

ನೋಡುವ ಕೆಲಸ ಇಲ್ಲಿಗೇ ಸಾಕು. ಮನೆಯಲ್ಲಿ ಪಾನಾ ಹಿಡಿದು ಬಿಚ್ಚಲು ಯಾರನ್ನೂ ಬಿಡಬೇಡಿ. ಸ್ಪ್ರಿಂಗ್ ಒಳಗೆ ಅದುಮಿ ಕೂತಿರುತ್ತದೆ, ಸಿಡಿದರೆ ಮುಖ ಮೋರೆ ನೋಡುವುದಿಲ್ಲ. ಅದನ್ನು ಹಿಡಿದಿಟ್ಟು ಬಿಚ್ಚುವ ಸಾಧನ ಇದ್ದ ಮಿಸ್ತ್ರಿಯ ಕಡೆಗೇ ಹೋಗಬೇಕು.

ಮಿಸ್ತ್ರಿಗೆ ಕೇಳಬೇಕಾದ ಮೊದಲ ಮಾತು: "ಸ್ಪ್ರಿಂಗ್ ಕತ್ತರಿಸಿದ್ದಾರೋ, ಕಾಯಿಸಿ ಇಳಿಸಿದ್ದಾರೋ, ಇಲ್ಲಾ ಬೇರೆ ಗಿಡ್ಡ ಸ್ಪ್ರಿಂಗ್ ಹಾಕಿದ್ದಾರೋ?" ಕತ್ತರಿಸಿದ ಸ್ಪ್ರಿಂಗ್ ತನ್ನ ಪೀಠದಲ್ಲಿ ಸರಿಯಾಗಿ ಕೂಡುವುದಿಲ್ಲ, ಜಾರಬಹುದು. ಗ್ಯಾಸ್ ಉರಿಯಲ್ಲಿ ಕಾಯಿಸಿದರೆ ಉಕ್ಕಿನ ಹದವೇ ಹೋಗುತ್ತದೆ, ಯಾವತ್ತು ಮುರಿದೀತೋ ಹೇಳಲಾಗದು. ಇವೆರಡಕ್ಕೂ ರಿಪೇರಿ ಇಲ್ಲ. ತೆಗೆದು ಬಿಸಾಡಿ, ಆ ಮಾದರಿಗೆ ಕಂಪನಿ ಹೇಳಿದ ಸ್ಪ್ರಿಂಗುಗಳನ್ನೇ ಹಾಕಿಸಿ. ಜೊತೆಗೆ ಹರಿದ ರಬ್ಬರುಗಳನ್ನೂ ಸೋತ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಿ, ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇದೊಂದು ಬಿಟ್ಟರೆ ಹೊಸ ಟೈರೂ ಒಂದೇ ಮಗ್ಗುಲು ಸವೆಯುತ್ತದೆ. ಗಿಡ್ಡ ಸ್ಪ್ರಿಂಗಿಗೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿದರೆ ಕುಪ್ಪಳಿಕೆ ಕಡಿಮೆಯಾದೀತು, ಸುಳ್ಳಲ್ಲ. ಆದರೆ ಉಬ್ಬಿಗೆ ತಾಗುವ ಹೊಟ್ಟೆ ಮೇಲೇಳುವುದಿಲ್ಲ. ಸಂಸಾರದ ಗಾಡಿಗೆ ಮೊದಲಿನ ಎತ್ತರವೇ ಹಿತ.

ಕಾಯ್ದೆಯ ಮಾತನ್ನೂ ಮಗನ ಕಿವಿಗೆ ಹಾಕಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್.ಸಿ. ಪುಸ್ತಕಕ್ಕೂ ತಾಳೆಯಾಗದಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಎತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದಾಗ ವಿಮೆಯವರು ತಕರಾರು ತೆಗೆದರೆ ಆ ಹೊರೆ ಬೇರೆ.

ಇನ್ನು ಮಗನನ್ನು ಒಪ್ಪಿಸುವುದು ಹೇಗೆ? ಗೆಳೆಯರ ಮುಂದೆ ಬಯ್ಯಬೇಡಿ, ಹಟ ಹೆಚ್ಚುತ್ತದೆ. ಸ್ಟೇರಿಂಗ್ ಹಿಡಿದವನಿಗೆ ಹಿಂದಿನ ಸೀಟಿನ ಕಷ್ಟ ಗೊತ್ತಾಗುವುದಿಲ್ಲ ನೋಡಿ. ಒಂದು ದಿನ ಮನೆಯ ಬೇರೆ ಯಾರಾದರೂ ಗಾಡಿ ಓಡಿಸಲಿ. ಮಗ ಹಿಂದೆ ಅಜ್ಜಿ ಕೂಡುವ ಜಾಗದಲ್ಲಿ ಕೂತು ಊರೆಲ್ಲ ಒಂದು ಸುತ್ತು ಬರಲಿ. ಪ್ರತಿ ಉಬ್ಬಿಗೂ "ಹ್ಯಾಂಗದಪ್ಪಾ?" ಎಂದು ಕೇಳಿ, ಸಾಕು. ಬೆಳೆದ ಮಕ್ಕಳಿಗೆ ಬುದ್ಧಿ ಕಿವಿಯಿಂದ ಇಳಿಯುವುದು ಕಡಿಮೆ.

ಗಾಡಿ ಸರಿಯಾಗುವವರೆಗೆ ಸೊಸೆಯನ್ನು ಅದರಲ್ಲಿ ದೂರ ಕರೆದೊಯ್ಯಬೇಡಿ, ಬೇರೆ ಗಾಡಿ ಗೊತ್ತುಮಾಡಿ. ಯಾವ ಗಾಡಿಯಾದರೂ ಬೆಲ್ಟ್ ಬಿಡಬಾರದು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಸಂದಿಗೆ ತಾಗಿ ಬರಬೇಕು. ಮೇಲಿನದು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು.

ಗ್ಯಾರೇಜಿಗೆ ಹೋದ ದಿನ, ತೆಗೆದ ಹಳೆಯ ಸಾಮಾನನ್ನು ಕಣ್ಣಾರೆ ನೋಡಿ. ಗಾಡಿಯನ್ನು ಒಂದೆರಡು ಉಬ್ಬು ದಾಟಿಸಿ ತಂದ ಮೇಲೆಯೇ ಹಣ ಎಣಿಸಿ ಕೊಡಿ.