ಮಲೆನಾಡಿನ ಪೆಟ್ಟಿಗೆಯ ಮನೆತನ

ಆಲೂರು, ಸಕಲೇಶಪುರದ ಊರುಗಳಲ್ಲಿ ಕಾಫಿ ಕೊಯ್ಲು ಮುಗಿದು ಕೈ ಬಿಡುವಾಯಿತೆಂದರೆ ನಾಟಕದ ಮಾತು ಏಳುತ್ತದೆ. ಕುರುಕ್ಷೇತ್ರವೋ ಶನಿಮಹಾತ್ಮೆಯೋ, ಯಾವುದಾದರೂ ಸರಿ, ಮೊದಲು ಗೊತ್ತುಮಾಡಬೇಕಾದದ್ದು ಹಾರ್ಮೋನಿಯಂ ಮೇಷ್ಟ್ರನ್ನು. ಮಾತು, ಮಟ್ಟು, ರಂಗಕ್ಕೆ ಬರುವ ಹೆಜ್ಜೆ ಎಲ್ಲವನ್ನೂ ತಿದ್ದುವವರು ಅವರೇ.

ಅವರ ಮುಂದಿರುವ ಪೆಟ್ಟಿಗೆಯ ವಂಶ ದೊಡ್ಡದು. ಯುರೋಪಿನ ಚರ್ಚುಗಳಲ್ಲಿ ಗೋಡೆ ತುಂಬ ನಿಲ್ಲುವ ಪೈಪ್ ಆರ್ಗನ್ ಅದರ ಹಿರಿಯ. ಆರ್ಗನ್ ಕಟ್ಟುವುದು ತಂದೆಯಿಂದ ಮಗನಿಗೆ ಇಳಿದುಬಂದ ಕಸುಬು. ಜರ್ಮನಿಯ ವಾಲ್ಕರ್ ಮನೆತನದಲ್ಲಿ ತಂದೆ 1780ರಲ್ಲಿ ಕಾನ್‌ಸ್ಟಾಟ್‌ನಲ್ಲಿ ಶುರುಮಾಡಿದ ಕೆಲಸವನ್ನು ಮಗ ಲುಡ್ವಿಗ್ಸ್‌ಬರ್ಗ್‌ನಲ್ಲಿ ಬೆಳೆಸಿದ. ಇದೇ ವಂಶದ ಹಾರ್ಮೋನಿಯಂಗೆ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಪೇಟೆಂಟ್ ಪಡೆದದ್ದು 1842ರಲ್ಲಿ. ಅದರಲ್ಲಿ ಕೊಳವೆಗಳಿಲ್ಲ, ಲೋಹದ ರೀಡುಗಳೇ ನುಡಿಯುತ್ತವೆ.

ಆದರೆ ಅದಕ್ಕೆ ಕುರ್ಚಿ ಬೇಕು, ತಿದಿ ತುಳಿಯಲು ಎರಡೂ ಕಾಲು ಬೇಕು. ಜಮಖಾನದ ಮೇಲೆ ಕೂತು ಹಾಡುವ ನಾಡಿಗೆ ಅದನ್ನು ಒಗ್ಗಿಸಿದ ಹೆಸರು ಕಲ್ಕತ್ತದ ದ್ವಾರಕಾನಾಥ ಘೋಷರದು. 1875ರಲ್ಲಿ ಅವರು ಆರಂಭಿಸಿದ ದ್ವಾರ್ಕಿನ್ ಎಂಬ ವಾದ್ಯದ ಅಂಗಡಿ ಮನೆತನದ ಸಂಸ್ಥೆಯಾಗಿಯೇ ಮುಂದುವರಿಯಿತು. ಅವರ ಪೆಟ್ಟಿಗೆಯಲ್ಲಿ ಒಂದು ಕೈ ತಿದಿಗೆ, ಇನ್ನೊಂದು ಕೈ ಸ್ವರದ ಮನೆಗಳಿಗೆ. ತಲೆಯ ಮೇಲೆ ಹೊತ್ತು ಗದ್ದೆಬದುವಿನಲ್ಲಿ ಸಾಗಿಸಬಹುದಾದ ವಾದ್ಯ ಅದು! ಅದಿಲ್ಲದೆ ನಮ್ಮ ಹಳ್ಳಿಗಳ ನಾಟಕ ಈ ರೂಪದಲ್ಲಿ ಇರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಹನ್ನೆರಡು ಸ್ಥಿರ ಸ್ವರಗಳಲ್ಲಿ ಗಮಕ ಹುಟ್ಟುವುದಿಲ್ಲ ಎಂಬುದು ಆಕ್ಷೇಪ. ಆ ಮಾತಿನಲ್ಲಿ ಸತ್ಯವಿದೆ. ಆದರೂ ಮೂರು ದಶಕದ ಆ ಬಹಿಷ್ಕಾರ ಅನ್ಯಾಯವೇ. ಬೆಳಗಾವಿಯ ಹಾರ್ಮೋನಿಯಂ ವಾದಕ ರಾಮಭಾವು ಬಿಜಾಪುರೆಯವರ ಬೆರಳು ಕೇಳಿದವರು ಇದನ್ನು ಒಪ್ಪುತ್ತಾರೆ.

ನಮ್ಮ ಸೀಮೆಯಲ್ಲಿ ಪೆಟ್ಟಿಗೆಯ ಶತ್ರು ಮಳೆ. ಥಂಡಿಗೆ ಮರ ಉಬ್ಬಿ ಮನೆಗಳು ಕಚ್ಚಿಕೊಳ್ಳುತ್ತವೆ, ಹಿತ್ತಾಳೆ ಕಿಲುಬು ಹಿಡಿದು ಶ್ರುತಿ ತಪ್ಪುತ್ತದೆ. ರಿಪೇರಿ ಬಲ್ಲವರು ಮುಚ್ಚಳ ತೆಗೆದು ರೀಡನ್ನು ಹಗುರಾಗಿ ಕೆರೆಯುತ್ತಾರೆ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದೆಳೆ ಹೆಚ್ಚಾದರೂ ರೀಡು ಹಾಳು. ಪುಸ್ತಕ ಓದಿ ಬರುವ ವಿದ್ಯೆಯಲ್ಲ ಇದು. ಕಲಿಯುವ ಹುಡುಗರು ಕಡಿಮೆಯಾಗಿದ್ದಾರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ರಂಗದ ಪಕ್ಕಕ್ಕೆ ಬಂದು ಕೂತಿದೆ.

ದ್ವಾರ್ಕಿನ್ ಚರಿತ್ರೆಯನ್ನು ಬರೆದವರಿದ್ದಾರೆ. ನಮ್ಮ ಮೇಷ್ಟ್ರುಗಳದನ್ನು, ರಿಪೇರಿಯವರದನ್ನು ನಾವೇ ಬರೆಯಬೇಕು. ನಿಮ್ಮೂರಿನ ಪೆಟ್ಟಿಗೆ ಎಲ್ಲಿಂದ ಬಂತು, ಯಾರು ನುಡಿಸಿದರು, ಯಾರು ಸರಿಮಾಡಿಕೊಟ್ಟರು ಎಂಬುದನ್ನು ಹಿರಿಯರಿಂದ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆಂದೇ ಪುಟ ಮೀಸಲಿಡುತ್ತೇವೆ.