‘ಆರ್ ಯೂ ಫ್ರೀ?’ ಅಂತ ಕಳಿಸುವ ಮುಂಚೆ

ಕ್ಯಾಲನೂರು ಕಡೆಯ ಹುಡುಗ ಹುಡುಗಿಯರು ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಆಮೇಲೆ ಎಚ್‌ಆರ್ ನಂಬರಿಗೆ ಒಂದು ವಾಟ್ಸಾಪ್: ‘ಹಾಯ್ ಸರ್, ಆರ್ ಯೂ ಫ್ರೀ?’ ಉತ್ತರ ಬರುವುದಿಲ್ಲ. ‘ನಮ್ಮ ಇಂಗ್ಲಿಷ್ ನೋಡಿ ಸುಮ್ಮನಾದರು’ ಅಂತ ಬೇಜಾರು ಮಾಡಿಕೊಂಡು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ.

ಆ ಇಂಗ್ಲಿಷಿನಲ್ಲಿ ತಪ್ಪೇನಿಲ್ಲ. ಗೆಳೆಯನಿಗೆ ಅಷ್ಟು ಸಾಕು. ಆದರೆ ಗುರುತಿಲ್ಲದವರಿಗೆ ಕಳಿಸಿದರೆ, ಕೇಳುತ್ತಿರುವುದು ಯಾರು, ಯಾಕೆ ಎಂಬುದೇ ಅದರಲ್ಲಿಲ್ಲ. ‘ಫ್ರೀ’ ಅಂದುಬಿಟ್ಟರೆ ಏನು ತಲೆಗೆ ಕಟ್ಟಿಕೊಳ್ಳುತ್ತದೋ ಅಂತ ಅವರೂ ಹಿಂಜರಿಯುತ್ತಾರೆ.

ಕನ್ನಡದಲ್ಲಿ ನಾವು ಹೀಗೆ ಕೇಳುತ್ತೇವಾ? ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದೆ ಅಂದರೆ ಆ ಮನೆಯಲ್ಲಿ ಸೊಪ್ಪು ಹಾಕುವುದಕ್ಕೇ ಹೊತ್ತು ಸಾಲದು. ಅಂಥವರ ಬಾಗಿಲಲ್ಲಿ ನಿಂತು ‘ಖಾಲಿ ಇದೀಯಾ?’ ಅಂದರೆ ಬೈಸಿಕೊಳ್ಳುತ್ತೇವೆ. ‘ಅಣ್ಣಾ, ಬೋರಿನ ವಿಷಯ ಮಾತಾಡಬೇಕಿತ್ತು, ಹುಳು ಚಂದ್ರಿಕೆಗೆ ಬಿಟ್ಟ ಮೇಲೆ ಬರಲಾ?’ ಅನ್ನುತ್ತೇವೆ. ವಿಷಯ ಹೇಳಿದೆವು, ಹೊತ್ತು ಸೂಚಿಸಿದೆವು, ಬೇಡ ಅನ್ನಲೂ ದಾರಿ ಬಿಟ್ಟೆವು.

ಇಂಗ್ಲಿಷಿನಲ್ಲೂ ಮರ್ಯಾದೆ ಇಷ್ಟೇ. ಹೆಸರು ಹೇಳಿ, ‘ಐ ಆ್ಯಮ್ ಕಾಲಿಂಗ್ ಅಬೌಟ್ ದಿ ಆಪರೇಟರ್ ಜಾಬ್. ಈಸ್ ದಿಸ್ ಎ ಗುಡ್ ಟೈಮ್ ಟು ಟಾಕ್?’ ಅನ್ನಿ. ಮೆಸೇಜ್ ಆದರೆ, ‘ವುಡ್ ಟುಮಾರೊ ಆಫ್ಟರ್ ಫೋರ್ ವರ್ಕ್ ಫಾರ್ ಯೂ?’ ಇಲ್ಲಿ ‘ವರ್ಕ್’ ಅಂದರೆ ಕೆಲಸವಲ್ಲ, ನಾಳೆ ನಾಲ್ಕರ ಮೇಲೆ ನಿಮಗೆ ಆಗುತ್ತದಾ ಅಂತ. ಸರ್ ಅನ್ನುವುದು ಒಂದು ಸಲ ಸಾಕು, ಸಾಲಿಗೊಂದು ಬೇಡ.

ಅವರೇ ‘ವೆನ್ ಆರ್ ಯೂ ಅವೈಲಬಲ್?’ ಅಂದಾಗ ‘ಎನಿ ಟೈಮ್ ಸರ್’ ಅನ್ನುವ ಅಭ್ಯಾಸವೂ ಬಿಡಬೇಕು. ಊರಿನ ಕೊನೆ ಬಸ್ ಹೋದ ಮೇಲಿನ ಶಿಫ್ಟಿಗೂ ಅದೇ ಉತ್ತರ ಕೊಟ್ಟು, ಆಮೇಲೆ ಒದ್ದಾಡುವವರು ನಾವೇ. ‘ಐ ಆ್ಯಮ್ ಅವೈಲಬಲ್ ಫ್ರಮ್ ಮಂಡೇ, ಬಟ್ ಓನ್ಲಿ ಫಾರ್ ದಿ ಡೇ ಶಿಫ್ಟ್’ ಅನ್ನುವುದು ಸೊಕ್ಕಲ್ಲ.

ಕಂಪನಿಗಳಿಗೂ ಒಂದು ಮಾತು. ಕೋಲಾರದ ನೆಲದ ಮೇಲೆ ಶೆಡ್ ಹಾಕಿ, ಮೆಷಿನ್ ನಡೆಸುವ ಕೆಲಸಕ್ಕೆ ಕರೆಯುವಾಗ ‘ಯಾವತ್ತು ಬರಲಿಕ್ಕಾಗುತ್ತೆ?’ ಅಂತ ಕನ್ನಡದಲ್ಲೇ ಕೇಳಲು ಅವರಿಗೇನು ಕಷ್ಟ?