ಒಬ್ಬರ ಅಡುಗೆಗೆ ತಕ್ಕ ತಕ್ಕಡಿ

ಬೆಂಗಳೂರಿನಂತಹ ಮಹಾನಗರದಲ್ಲಿ ಒಂಟಿಯಾಗಿ ಬಾಳುವವರು ಈಗ ಅಪರೂಪವಲ್ಲ. ಉದ್ಯೋಗ ಅರಸಿ ಬಂದು ಒಂದು ಕೋಣೆಯ ಮನೆ ಹಿಡಿದ ಯುವಕ ಯುವತಿಯರು, ಕುಟುಂಬವನ್ನು ಊರಿನಲ್ಲಿ ಬಿಟ್ಟು ವರ್ಗವಾಗಿ ಬಂದ ನೌಕರರು, ಮಕ್ಕಳು ದೂರ ಸರಿದ ಮೇಲೆ ಸಂಗಾತಿಯನ್ನೂ ಕಳೆದುಕೊಂಡ ಹಿರಿಯರು: ಇವರೆಲ್ಲರ ಅಡುಗೆಮನೆಯ ಪಾಡು ಹೆಚ್ಚುಕಡಿಮೆ ಒಂದೇ. ಅರ್ಧ ಎಲೆಕೋಸು ಬಾಡುತ್ತದೆ, ಕೊತ್ತಂಬರಿ ಸೊಪ್ಪಿನ ಕಟ್ಟು ಕೊಳೆಯುತ್ತದೆ, ರವೆಗೆ ಹುಳು ಬೀಳುತ್ತದೆ. ಬೇಸತ್ತವರು ಒಲೆ ಹಚ್ಚುವುದನ್ನೇ ಬಿಟ್ಟು ಹೋಟೆಲಿಗೋ ಬ್ರೆಡ್ಡು, ಬಿಸ್ಕತ್ತಿಗೋ ಶರಣಾಗುತ್ತಾರೆ. ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸರಿಯಲ್ಲ. ನಮ್ಮ ಮಾರುಕಟ್ಟೆಯೇ ನಾಲ್ಕಾರು ಜನರ ಸಂಸಾರವನ್ನು ಕಣ್ಣಮುಂದೆ ಇಟ್ಟುಕೊಂಡು ಬೆಳೆದುಬಂದಿದೆ.

ಒಂಟಿ ಗ್ರಾಹಕರು ಮೊದಲು ಅರಿಯಬೇಕಾದದ್ದು ತಮ್ಮ ಅಗತ್ಯದ ಅಳತೆಯನ್ನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಹಾಗೂ ಸೊಪ್ಪು ಸೇರಿ 400 ಗ್ರಾಂ ತರಕಾರಿಯನ್ನು ಸೂಚಿಸುತ್ತದೆ. ಅಂದರೆ ತಿಂಗಳಿಗೆ ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ ಏಳೂವರೆ ಕಿಲೋ, ಬೇಳೆಕಾಳು ಎರಡೂವರೆ ಕಿಲೋ. ವಾರಕ್ಕೆ ತರಕಾರಿ ಮೂರು ಕಿಲೋಗಿಂತ ತುಸು ಕಡಿಮೆ. ಮಧ್ಯಾಹ್ನದ ಊಟ ಕಚೇರಿಯಲ್ಲಾದರೆ ಇದರಲ್ಲಿ ಮೂರನೆಯ ಒಂದು ಪಾಲು ಕಳೆಯಬೇಕು. ಈ ಲೆಕ್ಕ ಕೈಯಲ್ಲಿದ್ದರೆ 'ಎರಡು ಕೊಂಡರೆ ಒಂದು ಉಚಿತ' ಎಂಬ ಆಮಿಷ ತಾನಾಗಿಯೇ ಬಲ ಕಳೆದುಕೊಳ್ಳುತ್ತದೆ. ಎರಡನೆಯದೇ ಹಾಳಾಗುವ ಮನೆಯಲ್ಲಿ ಮೂರನೆಯದು ಉಚಿತವಾಗಿ ದೊರೆತರೇನು ಲಾಭ?

ಕೊಳ್ಳುವ ಕ್ರಮದಲ್ಲೂ ವಿವೇಚನೆ ಬೇಕು. ಅಕ್ಕಿ, ಬೇಳೆ, ಉಪ್ಪು ತಿಂಗಳಿಗೊಮ್ಮೆ ಬಂದರೆ ಸಾಕು. ಸೊಪ್ಪು, ಟೊಮೆಟೊ, ಬೆಂಡೆಕಾಯಿ ಮೂರು ದಿನಕ್ಕಾಗುವಷ್ಟೇ ಇರಲಿ. ಕ್ಯಾರೆಟ್, ಬೀಟ್‌ರೂಟ್, ಸಿಹಿಗುಂಬಳ ವಾರದ ಕೊನೆಗೂ ಒದಗುತ್ತವೆ; ಬೇಗ ಕೆಡುವುದನ್ನು ಮೊದಲು ಬೇಯಿಸಬೇಕು. ಈರುಳ್ಳಿ, ಆಲೂಗಡ್ಡೆಗಳನ್ನು ಒಂದೇ ಬುಟ್ಟಿಯಲ್ಲಿ ಇಡಬಾರದು. ರವೆಯನ್ನು ಹುರಿದು ಡಬ್ಬಿಗೆ ತುಂಬುವ ಹಳೆಯ ರೂಢಿಯನ್ನು ಮರೆಯಬಾರದು. ಕಾನೂನು ಮಾಪನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಿಂದಾಗಿ ಪೊಟ್ಟಣದ ಮೇಲೆ ಗ್ರಾಂ ಅಥವಾ ಕಿಲೋ ಲೆಕ್ಕದ ದರವನ್ನೂ ಮುದ್ರಿಸಬೇಕಾಗಿದೆ. ಅದನ್ನು ಓದಿ ನೋಡಿದರೆ ಚಿಕ್ಕ ಪೊಟ್ಟಣಕ್ಕೆ ತೆರುವ ಹೆಚ್ಚುವರಿ ಎಷ್ಟೆಂಬುದು ತಿಳಿಯುತ್ತದೆ.

ಆದರೆ ಹೊಣೆಯನ್ನೆಲ್ಲ ಗ್ರಾಹಕರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇ 5ರಷ್ಟು ಜಿಎಸ್‌ಟಿ ವಿಧಿಸಲಾಯಿತು; ಅದಕ್ಕೂ ಮೀರಿದ ಮೂಟೆ ತೆರಿಗೆಯಿಂದ ಹೊರಗುಳಿಯಿತು. ಮೂಟೆ ಕೊಳ್ಳುವ ಶಕ್ತಿಯುಳ್ಳವರಿಗೆ ವಿನಾಯಿತಿ, ಒಂದು ಕಿಲೋ ಪೊಟ್ಟಣ ಹಿಡಿದು ಹೋಗುವ ಒಂಟಿ ವೃದ್ಧೆಗೆ ತೆರಿಗೆ ಎಂಬುದು ವಿಚಿತ್ರ ನೀತಿ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪೊಟ್ಟಣಕ್ಕೆ 50 ಮಿಲಿಲೀಟರ್ ಸೇರಿಸಿ 2 ರೂಪಾಯಿ ಏರಿಸಿದಾಗಲೂ ಹೆಚ್ಚುವರಿ ಹಾಲು ಬೇಡವೆನ್ನುವ ಅವಕಾಶ ಗ್ರಾಹಕರಿಗೆ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹಳೆಯ ಅಳತೆ ಮರಳಿತು, ಬೆಲೆ ಮಾತ್ರ ಮತ್ತೆ ಏರಿತು.

ಇಂತಹವರಿಗೆ ನಿಜವಾಗಿ ನೆರವಾಗುವುದು ಬೇಕಾದಷ್ಟನ್ನೇ ತೂಗಿ ಕೊಡುವ ತಕ್ಕಡಿ. ಮೂಲೆಯ ಕಿರಾಣಿ ಅಂಗಡಿಯಲ್ಲಿ ನೂರು ಗ್ರಾಂ ಸಾಸಿವೆ ಸಿಗುತ್ತದೆ. ಬಿಡಿ ಬೇಳೆಗೆ ಆ ತೆರಿಗೆಯೂ ಇಲ್ಲ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಎರಡೇ ಬಾಳೆಹಣ್ಣು, ಕಾಲು ಕಿಲೋ ಹುರುಳಿಕಾಯಿ ಕೇಳಲು ಸಂಕೋಚಪಡಬೇಕಿಲ್ಲ. ಸೊಪ್ಪಿನವಳು ಅರ್ಧ ಕಟ್ಟನ್ನೂ ಕೊಟ್ಟಾಳು. ಪಾದಚಾರಿ ಮಾರ್ಗದ ತೆರವಿನ ಹೆಸರಿನಲ್ಲಿ ತಳ್ಳುಗಾಡಿಗಳನ್ನು ಎತ್ತಂಗಡಿ ಮಾಡುವಾಗ ಆಡಳಿತ ಇದನ್ನೂ ಯೋಚಿಸಬೇಕು. ಬೀದಿಬದಿ ವ್ಯಾಪಾರಿಗಳಿಗೆ ನೆಲೆ ಒದಗಿಸಬೇಕೆನ್ನುವ 2014ರ ಕಾಯ್ದೆ ಕಾಪಾಡುವುದು ವ್ಯಾಪಾರಿಯ ಹೊಟ್ಟೆಪಾಡನ್ನು ಮಾತ್ರವಲ್ಲ, ಕೊಳ್ಳುವವರ ಊಟವನ್ನೂ ಹೌದು.

ಮತ್ತೊಂದು ಮಾತು. ದಿನವೂ ಬರುತ್ತಿದ್ದ ಹಿರಿಯರು ಎರಡು ದಿನ ಕಾಣದಿದ್ದರೆ 'ಯಾಕೆ ಅಜ್ಜಿ ಬರಲಿಲ್ಲ' ಎಂದು ವಿಚಾರಿಸುವವರು ಬಹುಶಃ ಆ ಅಂಗಡಿಯವರೇ. ಮನೆ ಬಾಗಿಲಿಗೆ ಚೀಲವಿಟ್ಟು ಮಾಯವಾಗುವ ವ್ಯವಸ್ಥೆಯಿಂದ ಅದನ್ನು ನಿರೀಕ್ಷಿಸಲಾಗದು. ಒಬ್ಬರೇ ಇರುವವರು ಒಬ್ಬರಿಗೆ ತಕ್ಕಷ್ಟು ಕೊಳ್ಳುವುದು ಜಿಪುಣತನವಲ್ಲ. ಅದು ಅವರ ಹಕ್ಕು. ಆ ಹಕ್ಕಿಗೆ ನಗರದ ಯೋಜನೆಯಲ್ಲೂ ತೆರಿಗೆಯ ಲೆಕ್ಕದಲ್ಲೂ ಸ್ಥಾನ ಸಿಗಬೇಕು.